ಎರಡು ಲೈನ್, ಒಂದು ಮೇಜು, ನಲವತ್ತು ಹೋಟೆಲ್: ಮುಂಬೈಯ ಒಂದು ಮನೆ ಕಚೇರಿಯ ಪ್ರಕರಣ

ಮುಂಬೈಯಲ್ಲಿ ಇಂಟರ್‌ಕಾಂ ಮತ್ತು ಫೋನ್ ವೈರಿಂಗ್ ಕೆಲಸ ಮಾಡುತ್ತಾ ನನಗೆ ಇಪ್ಪತ್ತು ವರ್ಷ ದಾಟಿತು. ಮೂವತ್ತು ರೂಮಿನ ಲಾಡ್ಜಿಗೆ ಎರಡು ದಿನದಲ್ಲಿ ಫೋನ್ ಎಳೆದು ಕೊಟ್ಟಿದ್ದೇನೆ. ಆದರೆ ಎರಡೇ ಎರಡು ಲೈನಿನ ಒಂದು ಮನೆ ನನ್ನನ್ನು ವರ್ಷಗಟ್ಟಲೆ ಮೆಟ್ಟಿಲು ಹತ್ತಿಸಿತು. ತಪ್ಪಿನಲ್ಲಿ ಯಂತ್ರಗಳ ಪಾಲು ಸ್ವಲ್ಪ, ನನ್ನ ಪಾಲು ಜಾಸ್ತಿ. ಈಗ ಮನೆಯಿಂದಲೇ ಕಚೇರಿ ನಡೆಸುವವರು ಬೇಕಾದಷ್ಟು ಮಂದಿ ಇದ್ದಾರೆ. ಅವರಿಗೂ ನನ್ನಂಥ ಕೆಲಸದವರಿಗೂ ಉಪಯೋಗ ಆಗಬಹುದು ಅಂತ ಇದನ್ನು ಬರೆಯುತ್ತಿದ್ದೇನೆ.

ಹೆಸರು, ಬಿಲ್ಡಿಂಗ್, ಹೋಟೆಲುಗಳ ಗುರುತು ಎಲ್ಲ ತೆಗೆದಿದ್ದೇನೆ. ಸೆಂಟ್ರಲ್ ರೈಲು ಲೈನಿನ ಒಂದು ಉಪನಗರ ಅಂದರೆ ಸಾಕು. ಗ್ರಾಹಕರನ್ನು ಅಕ್ಕ ಅಂತ, ಅವರ ಗಂಡನನ್ನು ಭಾವ ಅಂತ, ಮನೆಯ ಹಿರಿಯರನ್ನು ಅತ್ತೆ ಅಂತ ಕರೆಯುತ್ತೇನೆ. ಮಾತಾಡುವಾಗಲೂ ನಾನು ಹಾಗೇ ಕರೆಯುವುದು.

ಹಿನ್ನೆಲೆ

ಅಕ್ಕ ಸಣ್ಣ ಹೋಟೆಲುಗಳ ಲೆಕ್ಕ ಬರೆಯುತ್ತಾರೆ. ಸುಮಾರು ನಲವತ್ತು ಹೋಟೆಲ್. ಹೆಚ್ಚಿನವು ಊರಿನವರದ್ದೇ: ಇಡ್ಲಿ, ದೋಸೆ, ಊಟ, ಕೆಲವು ಕಡೆ ಬರೀ ಜ್ಯೂಸ್ ಮತ್ತು ಸ್ಯಾಂಡ್‌ವಿಚ್. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಅಲ್ಲಿವರೆಗೆ ಹಾಲ್‌ನ ಮೂಲೆಯ ಮೇಜು ಬರೀ ಮೇಜಾಗಿತ್ತು. ಆಮೇಲೆ ಅದು ಕಚೇರಿ ಆಯಿತು. ತಿಂಗಳ 11ಕ್ಕೆ ಒಂದು ರಿಟರ್ನ್, 20ಕ್ಕೆ ಇನ್ನೊಂದು. 20 ದಾಟಿದರೆ ಈಗಿನ ಲೆಕ್ಕದಲ್ಲಿ ದಿನಕ್ಕೆ 50 ರೂಪಾಯಿ ತಡದ ಶುಲ್ಕ. ಕಟ್ಟಬೇಕಾದ ತೆರಿಗೆಯೇ ಇಲ್ಲದ ತಿಂಗಳಿಗೂ ದಿನಕ್ಕೆ 20.

ಮನೆಯಲ್ಲಿ ಮೊದಲಿನಿಂದ ಇದ್ದದ್ದು ಒಂದು ಲ್ಯಾಂಡ್‌ಲೈನ್. ಮಾವನವರು ಎಂಬತ್ತರ ದಶಕದಲ್ಲಿ ಅರ್ಜಿ ಹಾಕಿ, ವರ್ಷಗಟ್ಟಲೆ ಕಾದು ತೆಗೆದುಕೊಂಡದ್ದು. ಜಿಎಸ್‌ಟಿ ಬಂದ ವರ್ಷ ಅಕ್ಕ ಕಚೇರಿಗೆ ಅಂತ ಎರಡನೇ ಲೈನ್ ತೆಗೆದುಕೊಂಡರು. ಅದರ ನಂಬರ್ ಹಾಕಿ ಕಾರ್ಡ್ ಅಚ್ಚು ಹಾಕಿಸಿ ನಲವತ್ತೂ ಹೋಟೆಲಿಗೆ ಹಂಚಿದರು. ಇನ್ನು ಮೇಲೆ ಹಳೆಯದು ಮನೆಗೆ, ಹೊಸದು ಕೆಲಸಕ್ಕೆ ಅಂತ ಅವರ ಲೆಕ್ಕ.

ಮೊಬೈಲ್ ಇರುವಾಗ ಲ್ಯಾಂಡ್‌ಲೈನ್ ಯಾಕೆ ಅಂತ ನೀವು ಕೇಳಬಹುದು. ನಾನೂ ಕೇಳಿದೆ. ಅಕ್ಕನ ಉತ್ತರ ಚಿಕ್ಕದು. "ಮೊಬೈಲ್ ಕೊಟ್ಟರೆ ರಾತ್ರಿ ಹನ್ನೊಂದೂವರೆಗೆ ಶಟರ್ ಎಳೆದು ನನಗೆ ಫೋನ್ ಮಾಡ್ತಾರೆ." ನಿಜ. ಹೋಟೆಲಿನವರಿಗೆ ಬಿಡುವು ಸಿಗುವುದೇ ಎರಡು ಹೊತ್ತು. ಊಟದ ಗಲಾಟೆ ಮುಗಿದು ಸಂಜೆಯ ಚಹಾ ಶುರುವಾಗುವ ಮೊದಲು, ಅಂದರೆ ಮೂರರಿಂದ ಐದು. ಆಮೇಲೆ ರಾತ್ರಿ ಗಲ್ಲಾ ಎಣಿಸಿದ ಮೇಲೆ.

ತೊಂದರೆ

ಮೊದಲ ಸಲ ನಾನು ಆ ಮನೆಗೆ ಹೋದದ್ದು 2019ರ ಕೊನೆಯಲ್ಲಿ. ಮೇಜಿನ ಮೇಲೆ ಎರಡು ಫೋನ್ ಪಕ್ಕಪಕ್ಕ. ಎರಡರದ್ದೂ ಒಂದೇ ರಿಂಗ್. ಯಾವುದು ಕೂಗಿತು ಅಂತ ಗೊತ್ತಾಗದೆ ಎರಡನ್ನೂ ಎತ್ತುವುದು. ಪಕ್ಕದಲ್ಲಿ ದಾರ ಕಟ್ಟಿದ ಪೆನ್ನು, ಒಂದು ನೋಟ್‌ಬುಕ್. ಅಕ್ಕ ಹೊರಗೆ ಹೋದಾಗ ಅತ್ತೆ ಅದರಲ್ಲಿ ಬರೆದಿಡುತ್ತಿದ್ದರು. ನಾನು ಒಂದು ಪುಟ ತಿರುಗಿಸಿ ನೋಡಿದೆ. "ಶೆಟ್ಟರು ಮಾಡಿದ್ದರು." ಕೆಳಗೆ "ಶೆಟ್ಟರು ಪುನಃ." ಅದರ ಕೆಳಗೆ "ಬೇರೆ ಶೆಟ್ಟರು." ನಲವತ್ತು ಹೋಟೆಲಿನಲ್ಲಿ ಹದಿನೈದು ಶೆಟ್ಟರು ಇದ್ದರೆ ಈ ನೋಟ್‌ಬುಕ್ ಯಾರಿಗೆ ಉಪಯೋಗ?

20ನೇ ತಾರೀಕಿನ ಕಥೆ ಬೇರೆ. ರಿಟರ್ನ್ ಎಲ್ಲ ತಯಾರಾದ ಮೇಲೆ ಕೊನೆಗೆ ಒಂದು ಓಟಿಪಿ ಹಾಕಬೇಕು. ಅದು ಬರುವುದು ಮಾಲೀಕರ ಮೊಬೈಲಿಗೆ. ಕೆಲವೇ ನಿಮಿಷ ಚಾಲ್ತಿಯಲ್ಲಿರುತ್ತದೆ. ಅಕ್ಕ ಫೋನ್ ಮಾಡಿ "ಓಟಿಪಿ ಬಂತಾ, ಹೇಳಿ" ಅನ್ನಬೇಕು. ಮಾಲೀಕರು ಗಲ್ಲಾದಲ್ಲಿ, ಅವರ ಮೊಬೈಲ್ ಚಾರ್ಜಿಗೆ ಅಡುಗೆ ಮನೆಯಲ್ಲಿ. "ಒಂದು ನಿಮಿಷ ಅಮ್ಮ" ಅಂತ ಫೋನ್ ಕೆಳಗಿಟ್ಟು ಹೋಗುತ್ತಾರೆ. ಆ ನಿಮಿಷದಲ್ಲಿ ಪಕ್ಕದ ಫೋನ್ ಕೂಗುತ್ತದೆ. ಒಂದು ಕಿವಿಗೆ ಒಂದು ಫೋನ್, ಇನ್ನೊಂದು ಕಿವಿಗೆ ಇನ್ನೊಂದು. ಓಟಿಪಿಯ ಆರು ಅಂಕಿ ಹೇಳುವಾಗ ಆಚೆಯವರಿಗೆ ಈಚೆಯದು ಕೇಳಿಸುತ್ತದೆ.

ಅವರು ನನ್ನಲ್ಲಿ ಕೇಳಿದ್ದು ಎರಡೇ. ಎರಡೂ ಲೈನ್ ಒಂದೇ ಫೋನಿನಲ್ಲಿ ಬರಬೇಕು. ಎತ್ತಲು ಆಗದಾಗ ಯಂತ್ರ ಎತ್ತಿ ಸಂದೇಶ ತೆಗೆದುಕೊಳ್ಳಬೇಕು. ಇದೇನು ದೊಡ್ಡ ಕೆಲಸ, ಒಂದು ವಾರದಲ್ಲಿ ಮುಗಿಸುತ್ತೇನೆ ಅಂದೆ. ಆ ಮಾತನ್ನು ಭಾವ ಇವತ್ತಿಗೂ ನೆನಪಿಸುತ್ತಾರೆ.

ಅಮೆರಿಕದ ಡಬ್ಬ

ನಾನು ಅಂಗಡಿಗೆ ಹೋಗುವ ಮೊದಲೇ ಒಂದು ಡಬ್ಬ ಬಂದುಬಿಟ್ಟಿತು. ಭಾವನ ತಮ್ಮ ನ್ಯೂಜೆರ್ಸಿಯಲ್ಲಿದ್ದಾರೆ. ಕ್ರಿಸ್‌ಮಸ್ ರಜೆಗೆ ಬರುವಾಗ ಅಲ್ಲಿಂದ ಎರಡು ಲೈನಿನ ಫೋನ್ ತಂದರು. ಮೇಜಿನ ಮೇಲೆ ಇಡುವ ದೊಡ್ಡ ಫೋನ್, ಜೊತೆಗೆ ಒಂದು ಕಾರ್ಡ್‌ಲೆಸ್, ಒಳಗೇ ಉತ್ತರಿಸುವ ಯಂತ್ರ. ಲೈನಿಗೊಂದು ಬೇರೆ ಬೇರೆ ಸಂದೇಶ ಪೆಟ್ಟಿಗೆ. ನೋಡಿದರೆ ಆಸೆಯಾಗುವ ವಸ್ತು. ಅಮೆರಿಕದಲ್ಲಿ ಮನೆ ಕಚೇರಿಗೆ ಇಂಥವು ಮಾಮೂಲು, ನಮ್ಮ ಅಂಗಡಿಗಳಲ್ಲಿ ಅಪರೂಪ.

ಮೊದಲ ದಿನವೇ ಅಡಾಪ್ಟರ್ ಸುಟ್ಟಿತು. ಅದು 120 ವೋಲ್ಟಿನದ್ದು, ನಮ್ಮ ಗೋಡೆಯಲ್ಲಿ 230. ನಾನು ಬರುವ ತನಕ ಕಾಯಿರಿ ಅಂತ ಹೇಳಬೇಕಿತ್ತು, ಹೇಳಿರಲಿಲ್ಲ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್, ಬೇರೆ ಅಡಾಪ್ಟರ್ ಹುಡುಕಿ ಜೀವ ತುಂಬಿಸಿದೆ. ಲೈನ್ ಜೋಡಿಸುವುದು ಕಷ್ಟವಾಗಲಿಲ್ಲ. ಎರಡು ಲೈನಿನ ಫೋನಿಗೆ ಒಂದೇ ದಾರದಲ್ಲಿ ನಾಲ್ಕು ತಂತಿ ಹೋಗುತ್ತವೆ. ನಡುವಿನ ಜೋಡಿ ಮೊದಲ ಲೈನ್, ಹೊರಗಿನ ಜೋಡಿ ಎರಡನೇ ಲೈನ್. ನಮ್ಮ ಗೋಡೆಯ ಡಬ್ಬಿಯಲ್ಲಿ ಹೊರಗಿನ ಜೋಡಿ ಸುಮ್ನೆ ಖಾಲಿ ಇರುತ್ತದೆ. ಎರಡನೇ ಲೈನನ್ನು ತಂದು ಅಲ್ಲಿಗೆ ಕಟ್ಟಿದೆ. ಡಯಲ್ ಟೋನ್ ಬಂತು. ಎರಡೂ ದೀಪ ಉರಿದವು. ಚಹಾ ಕುಡಿದು ಬಂದೆ.

ನಾಲ್ಕು ದಿನಕ್ಕೆ ದೂರುಗಳ ಪಟ್ಟಿ ಬಂತು.

ಕರೆ ಮಾಡಿದವರ ನಂಬರ್ ಕಾಣುವುದಿಲ್ಲ. ಎಕ್ಸ್‌ಚೇಂಜ್ ನಂಬರನ್ನು ಫೋನಿಗೆ ಕಳಿಸುವ ಕ್ರಮ ಎಲ್ಲ ಕಡೆ ಒಂದೇ ಅಲ್ಲ. ಈ ಲೈನಿನಲ್ಲಿ ಅದು ಬಟನ್ ಒತ್ತಿದಾಗ ಕೇಳುವಂಥ ಸ್ವರಗಳಾಗಿ ಬರುತ್ತಿತ್ತು. ಅಮೆರಿಕದ ಫೋನ್ ಕಾಯುತ್ತಿದ್ದದ್ದು ಬೇರೆ ಭಾಷೆಗೆ.

ಅತ್ತೆ ದೇವರ ಕೋಣೆಯಿಂದ ಏಳುವಷ್ಟರಲ್ಲಿ ಯಂತ್ರ ಎತ್ತಿಬಿಡುತ್ತದೆ. ಇದು ನನಗೆ ಮೊದಲು ಅರ್ಥ ಆಗಲಿಲ್ಲ. ನಾಲ್ಕು ರಿಂಗ್ ಆದ ಮೇಲೆ ಎತ್ತು ಅಂತಲೇ ಹಾಕಿದ್ದೆ. ಕೊನೆಗೆ ಗಡಿಯಾರ ಹಿಡಿದು ಕೂತೆ. ಅಮೆರಿಕದ ರಿಂಗ್ ಎರಡು ಸೆಕೆಂಡ್ ಕೂಗಿ ನಾಲ್ಕು ಸೆಕೆಂಡ್ ಸುಮ್ಮನಿರುತ್ತದೆ. ನಾಲ್ಕು ರಿಂಗ್ ಅಂದರೆ ಸುಮಾರು 24 ಸೆಕೆಂಡ್. ನಮ್ಮದು ಟ್ರಿಂಗ್-ಟ್ರಿಂಗ್ ಅಂತ ಜೋಡಿ ರಿಂಗ್, ಒಂದು ಸುತ್ತಿಗೆ ಮೂರೇ ಸೆಕೆಂಡ್. ನಾಲ್ಕು ಸುತ್ತು 12 ಸೆಕೆಂಡಿನಲ್ಲಿ ಮುಗಿಯಿತು. ಮಂಡಿ ನೋವಿನ ಅತ್ತೆಗೆ ಅದು ಸಾಕಾಗುವುದಿಲ್ಲ.

ಇನ್ನೊಂದು, ಎಲ್ಲಕ್ಕಿಂತ ಕಿರಿಕಿರಿಯದ್ದು. ಸಂದೇಶ ಪೆಟ್ಟಿಗೆ ತುಂಬ "ಟೂ... ಟೂ... ಟೂ..." ಕರೆ ಮಾಡಿದವರು ಏನೂ ಹೇಳದೆ ಇಟ್ಟುಬಿಡುತ್ತಿದ್ದರು. ಆಚೆ ಫೋನ್ ಇಟ್ಟ ಕೂಡಲೇ ಲೈನಿನ ಕರೆಂಟ್ ಒಂದು ಕ್ಷಣ ನಿಲ್ಲುತ್ತದೆ ಅಂತ ಅಮೆರಿಕದ ಯಂತ್ರ ನಂಬಿರುತ್ತದೆ. ಈ ಲೈನಿನಲ್ಲಿ ಅದು ನಿಲ್ಲುತ್ತಿರಲಿಲ್ಲ, ಎಂಗೇಜ್ ಸ್ವರ ಮಾತ್ರ ಬರುತ್ತಿತ್ತು. ಆ ಸ್ವರವೂ ಬೇರೆ. ನಮ್ಮದು 400 ಹರ್ಟ್ಸಿನ ಒಂದೇ ಸ್ವರ, ಅವರದ್ದು ಎರಡು ಸ್ವರ ಸೇರಿದ್ದು. ಯಂತ್ರ ಅದನ್ನು ಮನುಷ್ಯರ ಮಾತು ಅಂದುಕೊಂಡು ಪೂರ್ತಿ ರೆಕಾರ್ಡ್ ಮಾಡುತ್ತಿತ್ತು. ಅಕ್ಕ ಒಂದು ಸಂಜೆ ಕೂತು ಹದಿನೆಂಟು ಸಂದೇಶ ಕೇಳಿದರು. ಹದಿನಾರು ಟೂ ಟೂ.

ಅಲ್ಲಿಗೂ ಏನಾದರೂ ಮಾಡಿ ನಡೆಸಬಹುದಿತ್ತೇನೋ. ಆದರೆ ಅದರ ಕಾರ್ಡ್‌ಲೆಸ್ ಕೆಲಸ ಮಾಡುವುದು 1920ರಿಂದ 1930 ಮೆಗಾಹರ್ಟ್ಸ್‌ನಲ್ಲಿ. ನಮ್ಮಲ್ಲಿ ಮೊಬೈಲುಗಳು ಟವರಿಗೆ ಮಾತಾಡುವ ಒಂದು ದಾರಿ ಶುರುವಾಗುವುದೇ 1920ರಿಂದ. ಮೊಬೈಲ್ ಕಂಪನಿಗಳು ಲೈಸೆನ್ಸ್ ತೆಗೆದುಕೊಂಡ ಜಾಗದಲ್ಲಿ ಮನೆಯ ಫೋನ್ ಕೂಗಬಾರದು. ಇಲ್ಲಿ ಮಾರುವ ಕಾರ್ಡ್‌ಲೆಸ್‌ಗಳು ಯುರೋಪಿನ ಹಾಗೆ 1880ರಿಂದ 1900ರ ಒಳಗಿರುತ್ತವೆ. ನಾನು ಡಬ್ಬ ಕಟ್ಟಿ ಅಟ್ಟದ ಮೇಲೆ ಇಟ್ಟೆ. ತಮ್ಮನಿಗೆ ಬೇಜಾರಾಗಬಾರದು ಅಂತ ಭಾವ ಅವರಿಗೆ ಹೇಳಲಿಲ್ಲ. ಅವರು ಇದನ್ನು ಓದುವುದಿಲ್ಲ ಅನ್ನುವ ಧೈರ್ಯ ನನಗಿದೆ.

ತಪ್ಪು ಲೈನಿನ ಮೇಲೆ ಸರಿಯಾದ ಯಂತ್ರ

ಮುಂದಿನದ್ದು ಲಾಕ್‌ಡೌನ್. 2020ರ ಮಳೆಗಾಲದಲ್ಲಿ ಇಲ್ಲಿಯದೇ ಒಂದು ಕಾರ್ಡ್‌ಲೆಸ್ ತಂದೆ, ಉತ್ತರಿಸುವ ಯಂತ್ರ ಇರುವಂಥದ್ದು. ಒಂದೇ ಲೈನಿನದ್ದು. ಕಚೇರಿಯ ಲೈನ್ ಯಾವುದು? ಹೊಸದು, ಅಲ್ವಾ? ಅದಕ್ಕೇ ಹಾಕಿದೆ. ಎಂಗೇಜ್ ಸ್ವರ ಅದಕ್ಕೆ ಗೊತ್ತಾಗುತ್ತಿತ್ತು, ನಂಬರೂ ಕಾಣುತ್ತಿತ್ತು. ಕೆಲಸ ಮುಗಿಯಿತು ಅಂದುಕೊಂಡೆ.

ಮುಗಿಯಲಿಲ್ಲ. ಎರಡು ಘಟನೆ ಆಯಿತು.

ಒಂದು ಸೆಪ್ಟೆಂಬರಿನಲ್ಲಿ. ಒಬ್ಬ ಹೋಟೆಲಿನವರು ಮಾಸ್ಕ್ ಹಾಕಿ ಫೈಲ್ ಹಿಡಿದು ಬಂದು ಹಾಲ್‌ನಲ್ಲಿ ಕೂತಿದ್ದರು. ಫೋನ್ ಕೂಗಿತು. ಅಕ್ಕ ಎತ್ತಲಿಲ್ಲ, ಯಂತ್ರ ಎತ್ತಿತು. ಇಂಥ ಯಂತ್ರಗಳಲ್ಲಿ ಒಂದು ಸೌಕರ್ಯ ಇರುತ್ತದೆ. ಸಂದೇಶ ಬರುವಾಗಲೇ ಅದು ಸ್ಪೀಕರಿನಲ್ಲಿ ಕೇಳುತ್ತದೆ. ಯಾರು ಅಂತ ಕೇಳಿ ಬೇಕಾದರೆ ಎತ್ತಬಹುದು, ಬೇಡವಾದರೆ ಬಿಡಬಹುದು. ಒಂಟಿ ಕೋಣೆಯ ಕಚೇರಿಗೆ ಒಳ್ಳೆಯದೇ. ಇಲ್ಲಿ ಏನಾಯಿತು ಅಂದರೆ, ಇನ್ನೊಂದು ಹೋಟೆಲಿನ ಮಾಲೀಕರು ತಮಗೆ ಬಂದ ನೋಟಿಸು, ಬಾಡಿಗೆ ಬಾಕಿ, ಪಾಲುದಾರನ ಜಗಳ ಎಲ್ಲವನ್ನೂ ಹಾಲ್ ತುಂಬ ಹೇಳಿದರು. ಕೂತವರಿಗೂ ಹೇಳಿದವರಿಗೂ ಪರಿಚಯ. ಅಕ್ಕ ಓಡಿ ಬಂದು ವಯರ್ ಕಿತ್ತರು. ಅಷ್ಟರಲ್ಲಿ ಅರ್ಧ ಆಗಿತ್ತು. ಆ ಸಂಜೆ ಅವರು ನನಗೆ ಫೋನ್ ಮಾಡಿ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಸ್ಪೀಕರಿನ ಧ್ವನಿ ಸೊನ್ನೆಗೆ ಇಳಿಸುವುದು ಎರಡು ಬಟನಿನ ಕೆಲಸ. ಮೊದಲ ದಿನವೇ ಮಾಡಬೇಕಿತ್ತು. ನನ್ನ ತಲೆಯಲ್ಲಿ ಅದು ಮನೆ ಆಗಿತ್ತು, ಕಚೇರಿ ಆಗಿರಲಿಲ್ಲ.

ಎರಡನೆಯದು 2020ರ ಅಕ್ಟೋಬರ್ 12, ಸೋಮವಾರ. ಬೆಳಿಗ್ಗೆ ಹತ್ತರ ಸುಮಾರಿಗೆ ಮುಂಬೈ ಪೂರ್ತಿ ಕರೆಂಟ್ ಹೋಯಿತು. ಲೋಕಲ್ ರೈಲು ನಿಂತವು. ಕಾರ್ಡ್‌ಲೆಸ್‌ನ ಬೇಸ್ ಸತ್ತು ಮಲಗಿತು. ಪಕ್ಕದಲ್ಲಿ ಮಾವನವರ ಕಾಲದ ಹಳೆಯ ಫೋನ್ ಆರಾಮಾಗಿ ಕೂಗುತ್ತಿತ್ತು. ತಾಮ್ರದ ಲೈನಿಗೆ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರುತ್ತದೆ, ಅಲ್ಲಿ ಬ್ಯಾಟರಿ ಇರುತ್ತದೆ. ಮನೆಯ ಕರೆಂಟಿಗೂ ಅದಕ್ಕೂ ಸಂಬಂಧ ಇಲ್ಲ. ಆ ದಿನ ಅಕ್ಕ ಹೇಳಿದ ಒಂದು ಮಾತು ನನಗೆ ತಟ್ಟಿತು. "ಕರೆಂಟಿಲ್ಲ ಅಂತ ಎಲ್ಲರೂ ಫೋನ್ ಮಾಡಿದ್ರು. ಬಂದದ್ದೆಲ್ಲ ಹಳೇ ಫೋನಿಗೇ."

ಹೊಸ ಫೋನ್ ಸತ್ತದ್ದರಿಂದ ಹಾಗಾಯಿತು ಅಂತ ನಾನು ಅಂದುಕೊಂಡೆ. ಮೂರು ತಿಂಗಳು ಹಾಗೇ ಅಂದುಕೊಂಡೆ.

"ಒಂದನ್ನು ಒತ್ತಿ"

ಈ ಭಾಗವನ್ನು ಬೇಗ ಮುಗಿಸುತ್ತೇನೆ, ನನಗೇ ನಾಚಿಕೆ. 2021ರ ಆರಂಭದಲ್ಲಿ ನಾನು ಒಂದು ಸಣ್ಣ ಇಪಿಎಬಿಎಕ್ಸ್, ಅಂದರೆ ಹೊರಗಿನ ಲೈನುಗಳನ್ನು ಒಳಗಿನ ಫೋನುಗಳಿಗೆ ಹಂಚುವ ಯಂತ್ರ, ತಂದು ಹಾಕಿದೆ. ಮೂರು ಹೊರಲೈನ್, ಎಂಟು ಒಳಫೋನ್. ಎರಡು ಲೈನಿನ ಮನೆಗೆ ಜಾಸ್ತಿಯೇ, ಆದರೆ ನನ್ನ ಕೈಗೆ ಪಳಗಿದ ಯಂತ್ರ. ಅದರಲ್ಲಿ ಸ್ವಾಗತ ಸಂದೇಶ ಹಾಕಿದೆ. ಲೆಕ್ಕಕ್ಕೆ 1 ಒತ್ತಿ, ಮನೆಗೆ 2 ಒತ್ತಿ. ಭಾವ ಆಫೀಸಿನ ಇಂಗ್ಲಿಷಿನಲ್ಲಿ ಅದನ್ನು ಓದಿದರು. ಮುಕ್ಕಾಲು ನಿಮಿಷ.

ಮೊದಲ ದಿನ ಒಬ್ಬ ಹಿರಿಯ ಮಾಲೀಕರು ಅಕ್ಕನನ್ನು ರಸ್ತೆಯಲ್ಲಿ ಹಿಡಿದು ಕೇಳಿದರಂತೆ: "ಏನಮ್ಮ, ನಿಮ್ಮ ಮನೆಯಲ್ಲಿ ಬ್ಯಾಂಕ್ ಓಪನ್ ಮಾಡಿದ್ರಾ?" ಕುಂದಾಪುರದಿಂದ ಅತ್ತೆಯ ತಂಗಿ ಫೋನ್ ಮಾಡಿ, ಯಾರೋ ಗಂಡಸು ಇಂಗ್ಲಿಷಿನಲ್ಲಿ ಮಾತಾಡಿದ ಅಂತ ಹೆದರಿ ಇಟ್ಟರು. ಒಂದು ವಾರಕ್ಕೆ ಬಿಚ್ಚಿಕೊಂಡು ಬಂದೆ. ಬಾಡಿಗೆ ತೆಗೆದುಕೊಳ್ಳಲಿಲ್ಲ.

ತಿರುವು

ಇಪಿಎಬಿಎಕ್ಸ್ ಬಿಚ್ಚುವ ದಿನ ಅದರಲ್ಲಿದ್ದ ಕರೆಗಳ ದಾಖಲೆ ತೆಗೆದು ನೋಡಿದೆ. ಅದು ಸುಮ್ನೆ ಕುತೂಹಲಕ್ಕೆ. ಆ ವಾರ ಒಳಗೆ ಬಂದ ಪ್ರತಿ ಹತ್ತು ಕರೆಯಲ್ಲಿ ಎಂಟು ಹಳೆಯ ಲೈನಿಗೆ. ನಂಬರುಗಳನ್ನು ಅಕ್ಕನಿಗೆ ತೋರಿಸಿದೆ. ಅವರು ಬೆರಳಿಟ್ಟು ಓದುತ್ತಾ ಹೋದರು. ಇದು ಸ್ಟೇಷನ್ ಎದುರಿನವರು, ಇದು ಜ್ಯೂಸ್ ಸೆಂಟರ್, ಇದು ಊಟದ ಹೋಟೆಲ್. ಮನೆಯ ಕರೆಗಳು ಅದರಲ್ಲಿ ನಾಲ್ಕೋ ಐದೋ.

ನಾಲ್ಕು ವರ್ಷದ ಹಿಂದೆ ಹಂಚಿದ ಕಾರ್ಡ್ ಯಾರ ಗಲ್ಲಾದಲ್ಲಿದೆಯೋ ದೇವರಿಗೆ ಗೊತ್ತು. ಅವರ ಗೋಡೆಯ ಮೇಲೆ, ಲೆಕ್ಕದ ಪುಸ್ತಕದ ರಟ್ಟಿನ ಮೇಲೆ, ತಲೆಯಲ್ಲಿ ಇದ್ದದ್ದು ಮಾವನವರ ನಂಬರ್. ಮಾವನವರೂ ಲೆಕ್ಕ ಬರೆಯುತ್ತಿದ್ದವರೇ. ನಾವು ಕಚೇರಿಯನ್ನು ಹೊಸ ಲೈನಿನಲ್ಲಿ ಕೂರಿಸಿ, ಅದಕ್ಕೆ ಒಳ್ಳೊಳ್ಳೆ ಯಂತ್ರ ಹಾಕಿ, ಬರದ ಕರೆಗೆ ಕಾಯುತ್ತಿದ್ದೆವು. ಬರುವ ಕರೆಗೆ ಅತ್ತೆ, ದಾರ ಕಟ್ಟಿದ ಪೆನ್ನು.

ನಾನು ಹೇಳಿದೆ: ನಲವತ್ತು ಹೋಟೆಲಿನ ಅಭ್ಯಾಸ ಬದಲಾಯಿಸುವುದು ಆಗದ ಮಾತು. ನಿಮ್ಮ ನೆಂಟರು ಎಷ್ಟು ಮಂದಿ? ಹನ್ನೆರಡು ಮನೆ. ಹಾಗಾದರೆ ಹನ್ನೆರಡು ಮನೆಗೆ ಹೊಸ ನಂಬರ್ ಕೊಡಿ. ಹಳೆಯದು ಕಚೇರಿಗೆ, ಹೊಸದು ಮನೆಗೆ.

ಅಕ್ಕ ಒಪ್ಪಿದರು. ಅತ್ತೆ ಒಪ್ಪಲಿಲ್ಲ. ಅದು "ಅವರ ನಂಬರ್". ಯಂತ್ರ ಅದಕ್ಕೆ ಉತ್ತರ ಕೊಡುವುದು ಅವರಿಗೆ ಸರಿ ಕಾಣಲಿಲ್ಲ. ಎರಡು ವಾರ ಯಾರೂ ಮಾತೆತ್ತಲಿಲ್ಲ. ನಾನೂ ಹೋಗಲಿಲ್ಲ. ಆಮೇಲೆ ಅತ್ತೆಯೇ ಷರತ್ತು ಹಾಕಿದರು. ಹಳೆಯ ಫೋನಿನ ಡಬ್ಬ, ಅಂದರೆ ಮಾವನವರ ಕಾಲದ ಉಪಕರಣ, ದೇವರ ಕೋಣೆಯ ಬಾಗಿಲ ಬಳಿ ತಮ್ಮ ಕೈಗೆ ಸಿಗುವ ಹಾಗೆ ಇರಬೇಕು. ಯಾವ ಲೈನ್ ಹಾಕುತ್ತೀರೋ ಹಾಕಿ. ಹೊಸ ಲೈನನ್ನು ಆ ಹಳೆಯ ಫೋನಿಗೆ ಕೊಟ್ಟೆ. ನಂಬರ್ ಹೋಯಿತು, ಫೋನ್ ಉಳಿಯಿತು.

ಕೊನೆಗೆ ಹಾಕಿದ್ದು

ಲ್ಯಾಮಿಂಗ್ಟನ್ ರೋಡಿನಲ್ಲಿ ಮೂರು ಅಂಗಡಿ ಹತ್ತಿ ಇಳಿದು ಎರಡು ಲೈನಿನ ಒಂದು ಫೋನ್ ಹುಡುಕಿದೆ. ವಯರ್ ಇರುವ ಫೋನ್. ಉತ್ತರಿಸುವ ಯಂತ್ರ ಇಲ್ಲ, ಬಣ್ಣದ ಪರದೆ ಇಲ್ಲ. ಎರಡು ಲೈನಿಗೆ ಎರಡು ಬಟನ್, ಹೋಲ್ಡ್, ಎರಡನ್ನೂ ಸೇರಿಸುವ ಕಾನ್ಫರೆನ್ಸ್, ಲೈನಿಗೊಂದು ಬೇರೆ ರಿಂಗ್. ಅದನ್ನು ಅಕ್ಕನ ಮೇಜಿಗೆ ಇಟ್ಟೆ. ಹಿಂದೆ ತಂದ ಕಾರ್ಡ್‌ಲೆಸ್ ಇತ್ತಲ್ಲ, ಅದನ್ನು ಹಳೆಯ ನಂಬರಿಗೆ ಪಕ್ಕದಲ್ಲೇ ಸಮಾನಾಂತರವಾಗಿ ಕಟ್ಟಿ ಬೆಡ್‌ರೂಮಿಗೆ ಸಾಗಿಸಿದೆ. ಸ್ಪೀಕರ್ ಸೊನ್ನೆ. ಎತ್ತುವುದು ಎಂಟನೇ ಸುತ್ತಿಗೆ, ಅಂದರೆ ಸುಮಾರು 24 ಸೆಕೆಂಡಿಗೆ. ಹೊರಗಿನಿಂದ ಸಂದೇಶ ಕೇಳುವ ಗುಪ್ತ ಸಂಖ್ಯೆ ಅಂಗಡಿಯಿಂದ ಬಂದ ಹಾಗೇ ಇತ್ತು, ಅದನ್ನು ಬದಲಾಯಿಸಿದೆ. ಹೀಗೆ ಬದಲಾಯಿಸದ ಮನೆಗಳು ಎಷ್ಟೋ ನೋಡಿದ್ದೇನೆ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಬಹಳ ಜನರಿಗೆ ಇದು ಹೊಳೆಯುವುದಿಲ್ಲ, ನನಗೂ ತಡವಾಗಿ ಹೊಳೆಯಿತು. ಲೈನ್ ಖಾಲಿ ಇದ್ದರೆ ಮಾತ್ರ ಉತ್ತರಿಸುವ ಯಂತ್ರ ಎತ್ತುತ್ತದೆ. ನೀವೇ ಆ ಲೈನಿನಲ್ಲಿ ಮಾತಾಡುತ್ತಿದ್ದರೆ ಕರೆ ಮಾಡಿದವರಿಗೆ ಎಂಗೇಜ್ ಸ್ವರ, ಯಂತ್ರಕ್ಕೆ ಸುದ್ದಿಯೇ ಇಲ್ಲ. 20ನೇ ತಾರೀಕು ಅಕ್ಕನ ಲೈನ್ ಇಡೀ ಮಧ್ಯಾಹ್ನ ಓಟಿಪಿಯಲ್ಲೇ ಬ್ಯುಸಿ. ಯಂತ್ರ ಬೇಕಾದ ದಿನವೇ ಯಂತ್ರ ನಿರುಪಯೋಗಿ. ಒಂದು ಬ್ಯುಸಿ ಇದ್ದರೆ ಕರೆ ಇನ್ನೊಂದಕ್ಕೆ ಹಾರುವ ಹಾಗೆ ಟೆಲಿಫೋನ್ ಕಂಪನಿಯಿಂದ ಹಂಟಿಂಗ್ ತೆಗೆದುಕೊಳ್ಳಬಹುದಿತ್ತು. ಆಗ ಶೆಟ್ಟರೆಲ್ಲ ದೇವರ ಕೋಣೆಯ ಬಾಗಿಲಿಗೆ ಬರುತ್ತಿದ್ದರು.

ಅದಕ್ಕೆ ಒಂದು ನಿಯಮ ಮಾಡಿದೆವು. ಒಳಗೆ ಬರುವುದು ಹಳೆಯ ನಂಬರಿಗೆ, ಹೊರಗೆ ಹೋಗುವುದು ಹೊಸದರಿಂದ. ರಿಸೀವರ್ ಎತ್ತಿದ ಕೂಡಲೇ ಎರಡನೇ ಲೈನ್ ತಾನಾಗಿ ಸಿಗುವ ಹಾಗೆ ಫೋನಿನಲ್ಲೇ ಹಾಕಿಟ್ಟೆ. ಮಾಲೀಕರು ಮೊಬೈಲ್ ತರಲು ಅಡುಗೆ ಮನೆಗೆ ಹೋದರೆ ಅವರನ್ನು ಹೋಲ್ಡಿನಲ್ಲಿಟ್ಟು ಮೊದಲ ಲೈನ್ ಎತ್ತಬಹುದು. ಎತ್ತದಿದ್ದರೆ ಯಂತ್ರ ಎತ್ತುತ್ತದೆ, ಯಾಕೆಂದರೆ ಆ ಲೈನ್ ಈಗ ಖಾಲಿ. ಎರಡು ಲೈನಿನ ಫೋನಿನ ಬೆಲೆ ನನಗೆ ಅರ್ಥವಾದದ್ದು ಆ ತಿಂಗಳ 20ಕ್ಕೆ, ಅವರ ಸೋಫಾದಲ್ಲಿ ಕೂತು ನೋಡುವಾಗ. ಅಷ್ಟರಲ್ಲಿ ಇನ್ನೊಂದು ಬದಲಾವಣೆಯೂ ಆಗಿತ್ತು. 2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮಾಡುವಾಗ ಮುಂದೆ 0 ಒತ್ತಬೇಕು. ಹೋಟೆಲಿನವರ ಮೊಬೈಲ್ ನಂಬರುಗಳನ್ನು 0 ಸೇರಿಸಿಯೇ ಮೆಮೊರಿಗೆ ಹಾಕಿದೆ.

ಒಂಬತ್ತು ಸೆಕೆಂಡ್

ಇಷ್ಟಾದರೂ ಜನ ಯಂತ್ರಕ್ಕೆ ಮಾತಾಡುತ್ತಿರಲಿಲ್ಲ. ನಮ್ಮವರು ಮಿಸ್ಡ್ ಕಾಲ್ ಕೊಟ್ಟು ಬೆಳೆದವರು. ನಂಬರ್ ಬಿದ್ದರೆ ಸಾಕು, ಅವರೇ ಮಾಡುತ್ತಾರೆ ಅನ್ನುವ ನಂಬಿಕೆ. ಹಾಗೆ ನೋಡಿದರೆ ಕಾಲರ್ ಐಡಿಯ ಪಟ್ಟಿಯೇ ಇಲ್ಲಿ ನಿಜವಾದ ಉತ್ತರಿಸುವ ಯಂತ್ರ. ಆದರೆ ಹೋಟೆಲಿನ ಫೋನಿನಿಂದ ಒಮ್ಮೆ, ಹುಡುಗನ ಮೊಬೈಲಿನಿಂದ ಒಮ್ಮೆ ಮಾಡಿದರೆ ಪಟ್ಟಿ ನೋಡಿ ಯಾರು ಅಂತ ತಿಳಿಯುವುದಿಲ್ಲ.

ಸ್ವಾಗತ ಸಂದೇಶವನ್ನು ಮೂರು ಸಲ ಬದಲಾಯಿಸಿದೆವು. ಮೊದಲನೆಯದರಲ್ಲಿ "ಮನೆಯಲ್ಲಿ ಯಾರೂ ಇಲ್ಲ" ಅಂತ ಇತ್ತು. ಕಳ್ಳರಿಗೆ ಆಮಂತ್ರಣ ಪತ್ರ. ಎರಡನೆಯದರಲ್ಲಿ "ನಿಮ್ಮ ಹೆಸರು, ನಂಬರ್, ವಿಷಯ ತಿಳಿಸಿ" ಅಂತ ಇತ್ತು. ಹೆಸರು ಕೇಳಿದರೆ ಸಿಗುವುದು "ನಾನು ಶೆಟ್ಟಿ". ವಿಷಯ ಕೇಳಿದರೆ ಜನ ತಡವರಿಸಿ ಇಟ್ಟುಬಿಡುತ್ತಾರೆ. ಮೂರನೆಯದನ್ನು ಅಕ್ಕ ತಾವೇ, ಅಡುಗೆ ಮಾಡುತ್ತಾ ಯೋಚಿಸಿ, ಒಂದೇ ಸಲಕ್ಕೆ ಹೇಳಿದರು:

"ನಮಸ್ಕಾರ. ನಾನು ಇನ್ನೊಂದು ಫೋನಲ್ಲಿದ್ದೇನೆ. ಹೋಟೆಲ್ ಹೆಸರು ಹೇಳಿ ಇಟ್ಟುಬಿಡಿ. ಆರು ಗಂಟೆಯೊಳಗೆ ನಾನೇ ಮಾಡ್ತೇನೆ. ಓಟಿಪಿ ಇಲ್ಲಿ ಹೇಳಬೇಡಿ."

ನಿಧಾನಕ್ಕೆ ಹೇಳಿದರೂ ಒಂಬತ್ತೇ ಸೆಕೆಂಡ್. ಹಿಂದೆ ಹಿಂದಿಯಲ್ಲಿ ಒಂದು ಸಾಲು. ಕೊನೆಯ ಮಾತು ಸೇರಿದ್ದು ಯಾಕೆಂದರೆ ಒಬ್ಬರು ನಿಜವಾಗಿ ಆರೂ ಅಂಕಿಯನ್ನು ಯಂತ್ರಕ್ಕೆ ಹೇಳಿಟ್ಟಿದ್ದರು. ಹೋಟೆಲ್ ಹೆಸರು ಮಾತ್ರ ಕೇಳಿದ್ದು ಕೆಲಸ ಮಾಡಿತು. ಎರಡು ಪದ ಹೇಳುವುದಕ್ಕೆ ಯಾರಿಗೂ ಸಂಕೋಚ ಇಲ್ಲ. ಆರು ಗಂಟೆ ಅಂತ ಹೇಳಿದ ಮೇಲೆ ಪುನಃ ಪುನಃ ಮಾಡುವುದೂ ಕಡಿಮೆಯಾಯಿತು. ಅಕ್ಕ ಐದೂವರೆಗೆ ಕೂತು ಪಟ್ಟಿ ಮುಗಿಸುತ್ತಾರೆ. ಒಂದು ದಿನ ತಪ್ಪಿದರೂ ಜನ ಯಂತ್ರವನ್ನು ನಂಬುವುದು ಬಿಡುತ್ತಾರೆ ಅಂತ ಅವರ ಅಭಿಪ್ರಾಯ. ಅದಕ್ಕೆ ನನ್ನ ಸಹಮತ ಇದೆ.

ರಾತ್ರಿ ಒಂಬತ್ತಕ್ಕೆ ಮೊದಲ ಲೈನಿನ ರಿಂಗ್ ಬಂದ್. ಶಟರ್ ಎಳೆದವರು ಯಂತ್ರಕ್ಕೆ ಹೋಟೆಲ್ ಹೆಸರು ಹೇಳಿ ಮಲಗುತ್ತಾರೆ. ಊರಿನಿಂದ ತುರ್ತು ಕರೆ ಬಂದರೆ ಎರಡನೇ ಲೈನ್ ಎಂದಿನಂತೆ ಕೂಗುತ್ತದೆ.

ಹಳೆಯ ನಂಬರಿಗೇ ವಾಟ್ಸ್ಯಾಪ್ ಬಿಸಿನೆಸ್ ಹಾಕಿದ್ದು ಇನ್ನೂ ಒಳ್ಳೆಯದಾಯಿತು. ಲ್ಯಾಂಡ್‌ಲೈನಿಗೂ ಅದು ಬರುತ್ತದೆ. ಎಸ್‌ಎಂಎಸ್ ಬದಲು ಕರೆ ಮಾಡಿ ಸಂಖ್ಯೆ ಹೇಳುತ್ತಾರೆ. ಮೊದಲ ಸಲ ಅಕ್ಕ ಬೇರೆ ಕರೆಯಲ್ಲಿದ್ದರು, ಆ ಕರೆಯನ್ನು ನಮ್ಮ ಯಂತ್ರವೇ ಎತ್ತಿತು. ಒಂದು ಯಂತ್ರ ಇನ್ನೊಂದಕ್ಕೆ "ಹೋಟೆಲ್ ಹೆಸರು ಹೇಳಿ" ಅಂದಿತು. ಯಂತ್ರ ಆಫ್ ಮಾಡಿ ಪುನಃ ಪ್ರಯತ್ನಿಸಬೇಕಾಯಿತು. ವಿಚಿತ್ರ ಏನೆಂದರೆ, ಫೋನಿನ ಯಂತ್ರಕ್ಕೆ ಎರಡು ಪದ ಹೇಳಲು ಒದ್ದಾಡುವವರು ವಾಟ್ಸ್ಯಾಪಿನಲ್ಲಿ ಮೂರು ನಿಮಿಷದ ಧ್ವನಿ ಸಂದೇಶ ಕಳಿಸುತ್ತಾರೆ, ಹಿಂದೆ ಮಿಕ್ಸರ್ ತಿರುಗುವ ಸದ್ದಿನ ಜೊತೆ. ಬೀಪ್ ಸದ್ದು ಬಂದ ಕೂಡಲೇ ಮಾತಾಡಬೇಕು ಅನ್ನುವ ಒತ್ತಾಯ ಅಲ್ಲಿ ಇಲ್ಲದ್ದೇ ಕಾರಣ ಅಂತ ಕಾಣುತ್ತದೆ.

ಆಮೇಲೆ

2023ರಲ್ಲಿ ಬಿಲ್ಡಿಂಗಿಗೆ ಫೈಬರ್ ಬಂತು. ಮಳೆಗಾಲದಲ್ಲಿ ತಾಮ್ರದ ಜೋಡಣೆಗೆ ನೀರು ಹೋಗಿ ಖರಖರ ಅನ್ನುವುದು ನಿಂತಿತು. ಈಗ ಎರಡೂ ಲೈನ್ ಒಂದೇ ಫೈಬರ್ ಪೆಟ್ಟಿಗೆಯ ಎರಡು ಕಿಂಡಿಯಿಂದ ಬರುತ್ತವೆ. ಆದರೆ 48 ವೋಲ್ಟಿನ ಆ ಹಳೆಯ ಧೈರ್ಯ ಹೋಯಿತು. ಪೆಟ್ಟಿಗೆಗೆ ಮನೆಯ ಕರೆಂಟ್ ಬೇಕು. 12 ವೋಲ್ಟಿನ ಸಣ್ಣ ಯುಪಿಎಸ್ ಹಾಕಿಕೊಟ್ಟಿದ್ದೇನೆ. ವಯರ್ ಇರುವ ಫೋನ್ ಇದೆ, ಕರೆಂಟ್ ಹೋದರೂ ನಡೆಯುತ್ತದೆ ಅಂತ ನಂಬಿ ಕೂತ ಗ್ರಾಹಕರಿಗೆ ನಾನು ಈಗ ಮೊದಲು ಕೇಳುವುದು ಇದನ್ನೇ: ನಿಮ್ಮ ಲೈನ್ ತಾಮ್ರವೋ ಫೈಬರೋ? ಎರಡನೆಯದಾಗಿ, ಯಂತ್ರದ ಮಾತು ಬರುವ ಮೊದಲೇ, ಒಂದು ವಾರ ಬಂದ ಕರೆಗಳನ್ನು ಲೈನ್ ಮತ್ತು ಹೊತ್ತು ಹಾಕಿ ಬರೆದಿಡಿ ಅಂತ ಹೇಳುತ್ತೇನೆ. ಕೆಲವರು ಬೇರೆಯವರನ್ನು ಕರೆಸಿಕೊಳ್ಳುತ್ತಾರೆ.

ಆ ಮನೆಯಲ್ಲಿ ಒಂದು ಸೋರಿಕೆ ಉಳಿದಿದೆ. ಅಕ್ಕ ಹೊರಗೆ ಮಾಡುವುದು ಹೊಸ ನಂಬರಿನಿಂದ, ಅಲ್ವಾ? ಆ ನಂಬರ್ ಮಾಲೀಕರ ಮೊಬೈಲಿನಲ್ಲಿ ಬೀಳುತ್ತದೆ. ಅವರು ಅದನ್ನೇ ಒತ್ತಿ ತಿರುಗಿ ಮಾಡುತ್ತಾರೆ. ನಂಬರ್ ಅಡಗಿಸಿದರೆ ಅವರು ಎತ್ತುವುದೇ ಇಲ್ಲ. ಹಾಗಾಗಿ ಕೆಲವು ಹೋಟೆಲುಗಳು ಮನೆಯ ಲೈನಿಗೂ ಬರತೊಡಗಿವೆ, ನೇರ ದೇವರ ಕೋಣೆಯ ಬಾಗಿಲಿಗೆ.

ಅತ್ತೆ ದೂರು ಹೇಳಿಲ್ಲ. ಹೊಸ ನೋಟ್‌ಬುಕ್ ತೆಗೆದಿದ್ದಾರೆ. ಅದರಲ್ಲಿ "ಶೆಟ್ಟರು" ಅಂತ ಒಂದೂ ಇಲ್ಲ, ಬರೀ ಹೋಟೆಲ್ ಹೆಸರುಗಳು. ಕಳೆದ ಸಲ ನಾನು ಯುಪಿಎಸ್ ನೋಡಲು ಹೋದಾಗ ಹಳೆಯ ಫೋನ್ ಕೂಗಿತು. ಅತ್ತೆ ಎತ್ತಿ, ಆಚೆಯವರು ಬಾಯಿ ತೆರೆಯುವ ಮೊದಲೇ "ಯಾವ ಹೋಟೆಲ್?" ಅಂದರು. ಕುಂದಾಪುರದ ತಂಗಿ.